ಮಗಳಿಗೆ ಏಜೆಂಟ್ ಸಿಕ್ಕಿದಾರೆ ಅಂತ ಕೇಳಿದವರಿಗೆ, ಹಾಗೇ ರೀಲ್ಸ್ ಮಾಡಿಸೋ ಅಪ್ಪ ಅಮ್ಮಂದಿರಿಗೂ

ನಿನ್ನೆ ಅಮೆರಿಕದಲ್ಲಿರೋ ನಮ್ಮ ಈ ಗುಂಪಲ್ಲಿ ಒಬ್ಬರು ಮಗಳಿಗೆ ಆಕ್ಟಿಂಗ್ ಅಂದ್ರೆ ಪ್ರಾಣ, ಲಾಸ್ ಏಂಜಲೀಸ್ ಕಡೆ ಒಬ್ಬ ಏಜೆಂಟ್ ಸಿಕ್ಕಿದಾರೆ, ಮುಂದುವರೀಬಹುದಾ ಅಂತ ಕೇಳಿದ್ರಲ್ಲ, ಅದಕ್ಕೆ ಅರ್ಧ ಜನ "ಅಯ್ಯೋ ಬೇಡ, ಆ ಫೀಲ್ಡೇ ಸರಿ ಇಲ್ಲ" ಅಂದ್ರು, ಇನ್ನರ್ಧ ಜನ "ಚಾನ್ಸ್ ಬಿಡ್ಬೇಡಿ" ಅಂದ್ರು. ಮಗು ಆಸೆಪಟ್ಟಿದ್ರೆ ಕಳಿಸಿ ಅಂತಾನೇ ನಾನೂ ಹೇಳೋದು, ಆದ್ರೆ ಕಳಿಸೋ ಮುಂಚೆ ನೀವಿಬ್ರೂ ಕೂತು ಕ್ವೈಟ್ ಆನ್ ಸೆಟ್ ಡಾಕ್ಯುಮೆಂಟರಿ ನೋಡಿ. 2024ರ ಮಾರ್ಚಲ್ಲಿ ಬಂದಿದ್ದು, ನಿಕಲೋಡಿಯನ್ ಅನ್ನೋ ಮಕ್ಕಳ ಟಿವಿ ಚಾನೆಲ್‌ನ ಶೋಗಳ ಹಿಂದೆ ಏನೇನು ನಡೀತಿತ್ತು ಅನ್ನೋದರ ಬಗ್ಗೆ. ಮಕ್ಕಳ ಎದುರಿಗೆ ಹಾಕ್ಬೇಡಿ, ಅವರು ಮಲಗಿದ ಮೇಲೆ ನೋಡಿ.

ಅದರಲ್ಲಿ ಎಲ್ಲರೂ ಮಾತಾಡೋದು ಆ ಶೋಗಳಲ್ಲಿ ನಟಿಸ್ತಿದ್ದ ಡ್ರೇಕ್ ಬೆಲ್ ಬಗ್ಗೆ. ಆಗ ಹದಿನೈದು ವರ್ಷದ ಹುಡುಗ, ಡೈಲಾಗ್ ಕೋಚ್ ಆಗಿದ್ದ ಬ್ರಯನ್ ಪೆಕ್ ಅವನ ಮೇಲೆ ದೌರ್ಜನ್ಯ ಮಾಡಿದ್ದು, 2003ರಲ್ಲಿ ಅರೆಸ್ಟ್ ಆಗಿ ಮುಂದಿನ ವರ್ಷ ಶಿಕ್ಷೆ ಆಗಿದ್ದು, ಅದೂ ಬರೀ ಹದಿನಾರು ತಿಂಗಳು. ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಅವನ ಅಪ್ಪನ ಕಥೆ. ಜೋ ಬೆಲ್ ಅಂತ, ಮಗನ ಕೆಲಸ ಎಲ್ಲ ತಾನೇ ನೋಡ್ಕೊಳ್ತಿದ್ದ, ದಿನಾ ಸೆಟ್ಟಲ್ಲಿ ಇರ್ತಿದ್ದ. ಈ ಕೋಚ್ ಮಗನ ಹತ್ರ ಜಾಸ್ತಿ ಸುಳಿದಾಡ್ತಾನೆ, ಮಾತಾಡುವಾಗ ಸುಮ್‌ಸುಮ್ನೆ ಮೈ ಕೈ ಮುಟ್ತಾನೆ ಅಂತ ಗಮನಿಸಿ ಪ್ರೊಡಕ್ಷನ್ ಅವರಿಗೆ ಹೋಗಿ ಹೇಳ್ದ. ಅವರು ಏನಂದ್ರಂತೆ ಗೊತ್ತಾ, ಆ ಕೋಚ್ ಸಲಿಂಗಕಾಮಿ ಅಂತ ನಿಮಗೆ ಅವನನ್ನ ಕಂಡ್ರೆ ಆಗಲ್ಲ ಅನ್ನೋ ಥರ ಇವನ ತಲೆ ಮೇಲೇ ಹಾಕಿದ್ರು. ಅಲ್ಲಿಂದ ಸೆಟ್ಟಲ್ಲಿ ಇವನನ್ನ ದೂರ ಇಡೋಕೆ ಶುರುವಾಯ್ತು. ಇನ್ನೊಂದು ಕಡೆ ಪೆಕ್ ಹುಡುಗನ ಕಿವಿ ಊದ್ತಾ ಬಂದ, ನಿಮ್ಮಪ್ಪ ನಿನ್ನ ಕರಿಯರ್ ಹಾಳು ಮಾಡ್ತಿದಾನೆ, ನಿನ್ನ ದುಡ್ಡಿನ ಮೇಲೆ ಅವನ ಕಣ್ಣು ಅಂತ. ಕೊನೆಗೆ ಮಗನೇ ಅಪ್ಪನ್ನ ಬಿಟ್ಟ. ಆಮೇಲೆ ಆಡಿಷನ್‌ಗೆ ಕಾರಲ್ಲಿ ಕರ್ಕೊಂಡು ಹೋಗ್ತಿದ್ದಿದ್ದು ಯಾರು, ಅದೇ ಪೆಕ್. ತಡ ಆದ್ರೆ ರಾತ್ರಿ ಉಳ್ಕೊಳ್ತಿದ್ದಿದ್ದು ಯಾರ ಮನೇಲಿ, ಅವನ ಮನೇಲೇ.

ಇದು ನಮ್ಮಂಥವರಿಗೆ ಇನ್ನೂ ಜಾಸ್ತಿ ತಟ್ಟೋ ವಿಷಯ ಅಂತ ನನಗೆ ಅನ್ಸತ್ತೆ. ಜೋ ಬೆಲ್ ಇಲ್ಲಿಯವನೇ, ಭಾಷೆ ಅವನದೇ, ಅವನನ್ನೇ ಹಿಂಗೆ ಪಕ್ಕಕ್ಕೆ ತಳ್ಳಿದ್ರು. ನಾವೋ, ಯಾರಾದ್ರೂ ಸೂಟ್ ಹಾಕ್ಕೊಂಡು ನಗ್‌ನಗ್ತಾ "ಪೇರೆಂಟ್ಸ್ ಪ್ಲೀಸ್ ಹೊರಗಡೆ ವೇಟ್ ಮಾಡಿ" ಅಂದ್ರೆ ಸಾಕು, ಎದ್ದು ಹೋಗ್ಬಿಡ್ತೀವಿ. ಹಠ ಮಾಡಿದ್ರೆ ಏನಂದ್ಕೋತಾರೋ, ಇವರಿಗೆ ಇಲ್ಲಿನ ರೀತಿ ರಿವಾಜು ಗೊತ್ತಿಲ್ಲ ಅಂದ್ಕೊಂಡ್ರೆ, ಮಗೂಗೆ ಸಿಗೋ ಚಾನ್ಸ್ ತಪ್ಪಿದ್ರೆ ಅಂತ ಒಂಥರಾ ಸಂಕೋಚ. ಒಂದ್ಸಲ ಇಲ್ಲೇ ಒಂದು ಹೋಟೆಲ್ ಹಾಲಲ್ಲಿ ಮಕ್ಕಳ ಟ್ಯಾಲೆಂಟ್ ಶೋಕೇಸ್ ಅಂತ ಇತ್ತು, ಅಲ್ಲಿ ಇದನ್ನ ಕಣ್ಣಾರೆ ನೋಡಿದೀನಿ. ಬಾಗಿಲ ಹತ್ರ ಇದ್ದ ಹುಡುಗಿ ಹಂಗಂದ ತಕ್ಷಣ ನಮ್ಮ ದೇಸಿ ಅಪ್ಪ ಅಮ್ಮಂದಿರೆಲ್ಲ ಬ್ಯಾಗ್ ಎತ್ಕೊಂಡು ಹೊರಗೆ ಹೋದ್ರು, ನಮ್ಮನೆಯವರು ಮಾತ್ರ ಮಗಳ ಹಿಂದಿನ ಕುರ್ಚೀಲಿ ಕೂತವರು ಏಳ್ಲಿಲ್ಲ. ಆ ಹುಡುಗಿ ಮತ್ತೆ ಬಂದು ಹೇಳಿದ್ಲು, ಇವರು "ನಾನು ಇಲ್ಲೇ ಇರ್ತೀನಿ" ಅಂದ್ರು, ಅಷ್ಟೇ. ಯಾರೂ ಏನೂ ಮಾಡ್ಲಿಲ್ಲ. ಕೊನೇಲಿ ತಿಳಿದಿದ್ದು ಏನಂದ್ರೆ ಅದು ಆಡಿಷನ್ನೇ ಅಲ್ಲ, ಫೋಟೋ ಪ್ಯಾಕೇಜು, ಕ್ಲಾಸು ಅಂತ ದುಡ್ಡು ಕೀಳೋ ಕಾರ್ಯಕ್ರಮ.

ಹಂಗೆ ಕೂತ್ಕೊಳೋದು ಒರಟುತನ ಅಂತ ಅಂದ್ಕೋಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಶೂಟಿಂಗ್ ಸೆಟ್ ಅಂದ್ಮೇಲೆ 16 ವರ್ಷದ ಒಳಗಿನ ಮಗು ಜೊತೆ ಅಪ್ಪ ಅಮ್ಮನೋ ಗಾರ್ಡಿಯನ್ನೋ ಇರ್ಲೇಬೇಕು, ಮಗು ಕಣ್ಣಿಗೆ ಕಾಣೋ ಅಥವಾ ಕಿವಿಗೆ ಕೇಳೋ ಅಷ್ಟು ಹತ್ರದಲ್ಲಿ, ಅದು ರೂಲೇ. ಸ್ಟುಡಿಯೋ ಟೀಚರ್ ಅಂತ ಇರ್ತಾರೆ, ಅವರು ಪಾಠ ಮಾಡೋಕಷ್ಟೇ ಅಲ್ಲ, ಮಗೂ ಆರೋಗ್ಯ, ಸುರಕ್ಷತೆ ನೋಡೋದೂ ಅವರ ಕೆಲಸ, ಸೆಟ್ಟಿಗೆ ಕಾಲಿಟ್ಟ ದಿನವೇ ಅವರ ಪರಿಚಯ ಮಾಡ್ಕೊಳಿ. ಇನ್ನು ದುಡ್ಡಿನ ವಿಷಯ, ಮಗು ದುಡಿದಿದ್ದರಲ್ಲಿ 15% ಕೂಗನ್ ಅಕೌಂಟ್ ಅಂತ ಮಗೂ ಹೆಸರಲ್ಲೇ ಹೋಗ್ಬೇಕು, ದೊಡ್ಡವರಾಗೋವರೆಗೆ ನೀವೂ ಅದನ್ನ ಮುಟ್ಟೋ ಹಾಗಿಲ್ಲ. ಚಾಪ್ಲಿನ್ ಜೊತೆ ಆಕ್ಟ್ ಮಾಡಿದ್ನಲ್ಲ ಜಾಕಿ ಕೂಗನ್, ಅವನು ದುಡಿದಿದ್ದನ್ನ ಹೆಚ್ಚುಕಮ್ಮಿ ಎಲ್ಲ ಅವನ ತಾಯಿ ಮತ್ತು ಮಲತಂದೆ ಖರ್ಚು ಮಾಡ್ಬಿಟ್ಟಿದ್ರು, ಅದು ಕೋರ್ಟಿಗೆ ಹೋದಮೇಲೆ 1939ರಲ್ಲಿ ಮೊದಲ ಸಲ ಬಂದ ಕಾನೂನು ಇದು.

ಯಾರೋ ಒಬ್ಬರು "ಈಗ ಎಲ್ಲ ಬಯಲಿಗೆ ಬಂದಿದೆ, ಇನ್ನು ಹಂಗೆಲ್ಲ ಆಗಲ್ಲ ಬಿಡಿ" ಅಂತ ಬರೆದಿದ್ರು. ಬಯಲಿಗೆ ಬರೋದು ಎಷ್ಟು ತಡ ಅಂತ ಸ್ವಲ್ಪ ನೋಡಿ. ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಬ್ರಿಟನ್ನಿನ ಟಿವಿ ನಿರೂಪಕ ಜಿಮ್ಮಿ ಸ್ಯಾವಿಲ್ ಸತ್ತಿದ್ದು 2011ರಲ್ಲಿ, ಐಟಿವಿ ಚಾನೆಲ್‌ನ ಡಾಕ್ಯುಮೆಂಟರಿ ಬಂದಿದ್ದು 2012ರಲ್ಲಿ. ಜಪಾನಿನ ಜಾನಿ ಕಿಟಾಗಾವಾ, ಹುಡುಗರ ಪಾಪ್ ಗ್ರೂಪ್‌ಗಳನ್ನ ಕಟ್ಟಿ ಆ ಹುಡುಗರ ಮೇಲೇ ದೌರ್ಜನ್ಯ ಮಾಡಿದ ದೊಡ್ಡ ಮನುಷ್ಯ, ಸತ್ತಿದ್ದು 2019ರಲ್ಲಿ, ಬಿಬಿಸಿಯವರು ಫಿಲ್ಮ್ ಮಾಡಿದ್ದು 2023ರಲ್ಲಿ, ಕಂಪನಿ ಒಪ್ಕೊಂಡಿದ್ದು ಅದಾದ ಮೇಲೆ. ಇಬ್ಬರೂ ಒಂದು ದಿನ ಜೈಲು ನೋಡ್ಲಿಲ್ಲ ಈ ವಿಷಯಕ್ಕೆ. ಜೈಲು ನೋಡಿದ ಪೆಕ್‌ಗೋ, ಶಿಕ್ಷೆ ಕಮ್ಮಿ ಮಾಡಿ ಅಂತ ಜಡ್ಜ್‌ಗೆ 41 ಪತ್ರ ಹೋಗಿತ್ತು, ಅದರಲ್ಲಿ ಹೆಸರಾಂತ ನಟರೂ ಇದ್ರು, ಹೊರಗೆ ಬಂದ ಮೇಲೆ ಡಿಸ್ನಿ ಚಾನೆಲ್‌ನ ಮಕ್ಕಳ ಶೋ ಒಂದರಲ್ಲೇ ವಾಯ್ಸ್ ಕೊಡೋ ಕೆಲಸಾನೂ ಸಿಕ್ತು. ಆ ಪತ್ರಗಳನ್ನ ಜನ ನೋಡೋಕೆ ಇಪ್ಪತ್ತು ವರ್ಷ ಬೇಕಾಯ್ತು. ಡಾಕ್ಯುಮೆಂಟರಿ ಬರೋ ಹೊತ್ತಿಗೆ ಆ ಮಗು ನಲವತ್ತರ ಹತ್ರ ಬಂದಿರತ್ತೆ ರೀ.

ಅಂದಹಾಗೆ ಈ ಡಾಕ್ಯುಮೆಂಟರಿಗಳ ಮೇಲೂ ನನಗೆ ಒಂದು ಬೇಜಾರಿದೆ, ತಪ್ಪಾಗಿತ್ತು ಅಂತ ಹೇಳ್ತಾ ಹೇಳ್ತಾ ಆ ಮಕ್ಕಳ ಅದೇ ಹಳೇ ಕ್ಲಿಪ್ ಪದೇ ಪದೇ ತೋರಿಸ್ತಾರೆ, ಅದು ಬೇಕಿರ್ಲಿಲ್ಲ.

ರೀಲ್ಸ್ ವಿಷಯಕ್ಕೆ ಬರ್ತೀನಿ, ಇದಕ್ಕೆ ಕೆಲವರಿಗೆ ಕೋಪ ಬಂದ್ರೂ ಪರ್ವಾಗಿಲ್ಲ. ನಮ್ಮ ಗುಂಪಲ್ಲೇ ಮಕ್ಕಳ ಹೆಸರಲ್ಲಿ ಪಬ್ಲಿಕ್ ಅಕೌಂಟ್ ಇಟ್ಟು ದಿನಾ ವಿಡಿಯೋ ಹಾಕೋರು ಇದ್ದೀರ. 2025ರಲ್ಲಿ ನೆಟ್‌ಫ್ಲಿಕ್ಸಲ್ಲಿ ಬಂದ ಬ್ಯಾಡ್ ಇನ್‌ಫ್ಲೂಯೆನ್ಸ್ ನೋಡಿ, ಯೂಟ್ಯೂಬ್ ಸ್ಟಾರ್ ಹುಡುಗಿ ಪೈಪರ್ ರಾಕೆಲ್ ಬಗ್ಗೆ. ಅವಳ ಜೊತೆ ವಿಡಿಯೋ ಮಾಡ್ತಿದ್ದ ಹನ್ನೊಂದು ಮಕ್ಕಳು ದೌರ್ಜನ್ಯದ ಆರೋಪ ಮಾಡಿ ಅವಳ ತಾಯಿ ಮೇಲೆ ಕೇಸ್ ಹಾಕಿದ್ರು, ತಾಯಿ ಆರೋಪ ಎಲ್ಲ ಸುಳ್ಳು ಅಂದಿದಾರೆ, 2024ರಲ್ಲಿ 18.5 ಲಕ್ಷ ಡಾಲರ್‌ಗೆ ಸೆಟಲ್ ಆಯ್ತು. ಅಲ್ಲಿ ಸೆಟ್ಟೇ ಮನೆ, ಸ್ಟುಡಿಯೋ ಟೀಚರ್ ಇಲ್ಲ, ಟೈಮಿಗೆ ಲೆಕ್ಕ ಇಲ್ಲ. ಇಲಿನಾಯ್ ರಾಜ್ಯದವರು 2024ರ ಜುಲೈಯಿಂದ ಇಂಥ ಮಕ್ಕಳಿಗೂ ದುಡ್ಡಲ್ಲಿ ಪಾಲು ಎತ್ತಿಡ್ಬೇಕು ಅಂತ ಕಾನೂನು ತಂದ್ರು, ಆಮೇಲೆ ಕ್ಯಾಲಿಫೋರ್ನಿಯಾನೂ ತಂತು. ಆದ್ರೆ ಅದು ದುಡ್ಡಿನ ಲೆಕ್ಕ ಆಯ್ತು, ನೀವು ಹಾಕಿದ ಮಗೂ ಸ್ವಿಮಿಂಗ್ ಪೂಲ್ ವಿಡಿಯೋನ ಯಾರು ಡೌನ್‌ಲೋಡ್ ಮಾಡ್ಕೊಂಡು ಇಟ್ಕೊಂಡಿದಾರೆ ಅಂತ ಯಾವ ಕಾನೂನೂ ಹೇಳಲ್ಲ. ದಯವಿಟ್ಟು ಆ ಅಕೌಂಟ್ ಪ್ರೈವೇಟ್ ಮಾಡಿ, ಊರಲ್ಲಿರೋ ಅಜ್ಜಿ ತಾತನಿಗೆ ವಾಟ್ಸಾಪಲ್ಲಿ ಕಳ್ಸಿದ್ರೆ ಸಾಕಲ್ವಾ.

ಏಜೆಂಟ್ ಬಗ್ಗೆ ಕೇಳಿದವರೇ, ಮೊದಲು ಒಂದು ಕೆಲಸ ಮಾಡಿ, ಟ್ಯಾಲೆಂಟ್ ಏಜೆನ್ಸಿ ಲೈಸೆನ್ಸ್ ನಂಬರ್ ಕೇಳಿ, ಕೊಟ್ರೆ ಕ್ಯಾಲಿಫೋರ್ನಿಯಾ ಲೇಬರ್ ಕಮಿಷನರ್ ವೆಬ್‌ಸೈಟಲ್ಲಿ ಹುಡುಕಿ. ನಿಜವಾದ ಏಜೆಂಟ್ ಮಗೂಗೆ ಕೆಲಸ ಸಿಕ್ಕ ಮೇಲೆ ಕಮಿಷನ್ ತಗೋತಾರೆ, ಸಾಮಾನ್ಯವಾಗಿ 10%, ಸೇರಿಸ್ಕೊಳೋಕೇ ಮೊದಲೇ ದುಡ್ಡು ಕೊಡಿ ಅಂತ ಕೇಳಿದ್ರೆ ಅಲ್ಲಿಗೇ ಫೋನ್ ಇಟ್ಬಿಡಿ. ಮಗೂಗೆ ವರ್ಕ್ ಪರ್ಮಿಟ್ ಬೇರೆ ಮಾಡಿಸ್ಬೇಕು, ಅದಕ್ಕೆ ಸ್ಕೂಲಿಂದಾನೂ ಸಹಿ ಬೇಕಾಗತ್ತೆ, ಆ ಫಾರ್ಮ್ ತುಂಬೋದ್ರಲ್ಲಿ ಏನಾದ್ರೂ ತೊಡಕು ಬಂದ್ರೆ ನನಗೆ ಮೆಸೇಜ್ ಮಾಡಿ, ಸಂಜೆ ಏಳರ ಮೇಲೆ ನಾನು ಮನೇಲೇ ಇರ್ತೀನಿ. ನ್ಯೂಯಾರ್ಕ್, ಅಟ್ಲಾಂಟಾ ಕಡೆ ಮಕ್ಕಳನ್ನ ಶೂಟಿಂಗ್‌ಗೆ ಕಳಿಸಿರೋರು ಯಾರಾದ್ರೂ ಇದ್ರೆ ಅಲ್ಲಿನ ರೂಲ್ಸ್ ಹೇಗಿದೆ ಅಂತ ಕೆಳಗೆ ಬರೀರಿ.