ದಿಲ್ಲಿ ಮಂತ್ರಿ ಲೆಟರ್ ಬರದ್ರು, ನಮ್ಮ ಹಳೇ ಕಾರು ಉಳೀತು ಅಂದ್ಕೊಂಡಿದ್ದೆ. ಈಗೇನ್ ಮಾಡ್ಲಿ?

ಹುಬ್ಳಿಹುಡುಗ_ದ್ವಾರಕಾ:
ನಮಸ್ಕಾರ್ರಿ ಎಲ್ಲಾರಿಗೂ. ನಾವು ಹುಬ್ಬಳ್ಳಿ ಕಡೆಯವ್ರು, ಅಪ್ಪನ ನೌಕರಿ ಸಲುವಾಗಿ ದಿಲ್ಲಿಗೆ ಬಂದು ಇಲ್ಲೇ ಉಳದೇವಿ. ಅಪ್ಪ 2009ರಾಗ ತಗೊಂಡ ಪೆಟ್ರೋಲ್ ಸ್ಯಾಂಟ್ರೋ ಐತಿ, ಓಡಿದ್ದು ಬರೇ 41 ಸಾವಿರ ಕಿಲೋಮೀಟರ್, ಡ್ಯಾಶ್‌ಬೋರ್ಡ್ ಮ್ಯಾಲಿನ ಸಿದ್ಧಾರೂಢರ ಫೋಟೋ ಸೈತ ಅವತ್ತಿಂದೇ. 15 ವರ್ಷ ಮುಗದ್ವು ಅಂತ ಈಗ ಅದು ದಿಲ್ಲಿಯಾಗ ಓಡಸಂಗಿಲ್ಲದ ಸತ್ತ ಗಾಡಿ ಲೆಕ್ಕ. 2025ರ ಜುಲೈ 1ರಿಂದ ಇಂಥಾ ಗಾಡಿಗೆ ಪೆಟ್ರೋಲ್ ಹಾಕಂಗಿಲ್ಲ ಅಂದಾಗ ದಿಲ್ಲಿ ಪರಿಸರ ಮಂತ್ರಿ ಮಂಜಿಂದರ್ ಸಿಂಗ್ ಸಿರ್ಸಾ ಅವ್ರು ವಿರೋಧ ಮಾಡಿ ಗಾಳಿ ಗುಣಮಟ್ಟ ಆಯೋಗಕ್ಕ ಲೆಟರ್ ಬರದ್ರು, ವಯಸ್ಸು ನೋಡಬ್ಯಾಡ್ರಿ ಹೊಗೆ ನೋಡ್ರಿ ಅಂತ ಸರ್ಕಾರನೂ ಹೇಳ್ತು, ನಾವು ಪೇಡಾ ಹಂಚೋದೊಂದು ಬಾಕಿ ಇತ್ತು. ಈಗ ನೋಡಿದ್ರ ಮತ್ತ ಹಿಡಿತಾರ ಅಂತಾರ. ಊರಿಗೆ ಒಯ್ದು ಕೆಎ ನಂಬರ್ ಮಾಡಿಸಿದ್ರ ಎಷ್ಟು ಬೀಳ್ತೈತಿ? ಗುಜರಿಗೆ ಹಾಕು ಅಂತ ಹೇಳೋರು ದಯವಿಟ್ಟು ಅಪ್ಪನ ಮುಂದ ಬಂದು ಹೇಳ್ರಿ.

ಗೇರ್‌ಬಾಕ್ಸ್ ಗುಂಡಣ್ಣ:
ಅಣ್ಣಾ ಮೊದ್ಲು ಆರ್‌ಸಿ ತೆಗೆದು ಎಮಿಷನ್ ನಾರ್ಮ್ಸ್ ಅಂತ ಏನಿದೆ ನೋಡಿ, ನಿಮ್ ಕಥೆ ಎಲ್ಲಾ ಅಲ್ಲೇ ಇರೋದು. 2025ರ ಆಗಸ್ಟ್ 12ಕ್ಕೆ ಸುಪ್ರೀಂ ಕೋರ್ಟು ಹಳೇ ಗಾಡಿ ಓನರ್‌ಗಳ ಮೇಲೆ ಬಲವಂತದ ಕ್ರಮ ಬೇಡ ಅಂತು, ಆದ್ರೆ ಡಿಸೆಂಬರ್‌ನಲ್ಲಿ ಅದನ್ನೇ ತಿದ್ದಿ ಆ ರಕ್ಷಣೆ ಬಿಎಸ್ 4 (ಬಿಎಸ್ ಅಂದ್ರೆ ಗಾಡಿ ಹೊಗೆಗೆ ಹಾಕಿರೋ ಮಿತಿ, ನಂಬರ್ ಜಾಸ್ತಿ ಆದಂಗೆ ಬಿಗಿ) ಮತ್ತು ಅದಕ್ಕಿಂತ ಹೊಸ ಗಾಡಿಗೆ ಮಾತ್ರ ಅಂತ ಮಾಡ್ತು. ದಿಲ್ಲಿಗೆ ಬಿಎಸ್ 4 ಬಂದಿದ್ದು 2010ರ ಏಪ್ರಿಲ್‌ಗೆ. ನಿಮ್ದು 2009 ಅಂದ್ರೆ ಬಹುತೇಕ ಬಿಎಸ್ 3, ಅಂದ್ರೆ ಕೆಲವೇ ತಿಂಗಳಲ್ಲಿ ತಪ್ಪಿಹೋಯ್ತು. ಬೇಜಾರಾಗುತ್ತೆ, ಏನ್ ಮಾಡೋದು.

ಇನ್ನು ಆ ಲೆಟರ್ ವಿಷ್ಯ. ಎಲ್ರೂ ಮಂತ್ರಿ ಬ್ಯಾನ್ ವಿರೋಧಿಸಿದ್ರು ಅಂತ ಕುಣಿದ್ರು. ಲೆಟರ್‌ನಲ್ಲಿ ಇದ್ದಿದ್ದು ಮುಖ್ಯವಾಗಿ ಏನು, ಪೆಟ್ರೋಲ್ ಬಂಕಲ್ಲಿ ನಂಬರ್ ಪ್ಲೇಟ್ ಓದೋ ಕ್ಯಾಮೆರಾ ಸರಿ ಕೆಲ್ಸ ಮಾಡ್ತಿಲ್ಲ, ಪಕ್ಕದ ರಾಜ್ಯಗಳ ಡೇಟಾ ಸೇರಿಲ್ಲ, ಜನ ಗುರುಗ್ರಾಮಕ್ಕೋ ಗಾಜಿಯಾಬಾದಿಗೋ ಹೋಗಿ ಟ್ಯಾಂಕ್ ತುಂಬಿಸ್ಕೊಂಡು ಬರ್ತಾರೆ, ಎನ್‌ಸಿಆರ್ (ದಿಲ್ಲಿ ಮತ್ತು ಸುತ್ತಲಿನ ಊರುಗಳು) ಪೂರ್ತಿ ರೆಡಿ ಆಗೋ ತನಕ ನಿಲ್ಸಿ ಅಂತ. ಅದು ‘ಬೇಡ’ ಅಲ್ಲ, ‘ಈಗ ಬೇಡ’. ಆಯೋಗದೋರೂ ಅದನ್ನ ನವೆಂಬರ್ 1ಕ್ಕೆ ಮುಂದಕ್ಕೆ ಹಾಕಿದ್ರು ಅಷ್ಟೇ. ನೀವು ಮುಂದೂಡಿಕೆನ ಮಾಫಿ ಅಂದ್ಕೊಂಡ್ರಿ.

ತೆರಿಗೆಪೀಡಿತ:
ಗುಂಡಣ್ಣ ಹೇಳಿದ್ದು ಕರೆಕ್ಟ್, ಆದ್ರೆ ರಾಜಕೀಯ ಅರ್ಧಕ್ಕೇ ಬಿಟ್ರು. ದಿಲ್ಲೀಲಿ ಮಧ್ಯಮ ವರ್ಗಕ್ಕೆ ಹೊರೆ ಅಂತ ಯಾವ ಪಕ್ಷದೋರು ಮರುಗಿದ್ರೋ ಅದೇ ಪಕ್ಷದ ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ರೀ-ರಿಜಿಸ್ಟ್ರೇಶನ್ ಫೀಸ್ 600ರಿಂದ 5,000 ಮಾಡ್ತು, 2025ರ ಆಗಸ್ಟಲ್ಲಿ 20 ವರ್ಷ ದಾಟಿದ್ರೆ 10,000. ಹಾಗಂತ ನಮ್ ರಾಜ್ಯದ ಕಾಂಗ್ರೆಸ್‌ನೋರು ಏನ್ ಕಮ್ಮಿ ಇಲ್ಲ, ಇಲ್ಲಿ 10 ಲಕ್ಷ ದಾಟಿದ ಹೊಸ ಕಾರಿಗೆ ಲೈಫ್ ಟ್ಯಾಕ್ಸ್ 17 ಪರ್ಸೆಂಟು, 20 ಲಕ್ಷ ದಾಟಿದ್ರೆ 18, ಅದರ ಮೇಲೆ ಸೆಸ್ ಬೇರೆ, ಇದು ಬಿಜೆಪಿ ಇದ್ದಾಗ್ಲೂ ಹೆಚ್ಚೂಕಮ್ಮಿ ಹಿಂಗೇ ಇತ್ತು. ವಿರೋಧ ಪಕ್ಷದಲ್ಲಿದ್ದಾಗ ಸುಲಿಗೆ, ಸರ್ಕಾರದಲ್ಲಿದ್ದಾಗ ಸಂಪನ್ಮೂಲ ಕ್ರೋಡೀಕರಣ 😄

ಮಲ್ನಾಡ್ ಕಾಫಿ:
ರಾಜಕೀಯ ಸಾಕು, ಅವರ ಪ್ರಶ್ನೆಗೆ ಉತ್ರ ಕೊಡ್ರಪ್ಪ. ನಾನು ಎರಡು ವರ್ಷದ ಹಿಂದೆ ಹರಿಯಾಣದ ಗಾಡಿ ಇಲ್ಲಿಗೆ ತಂದೆ, ಯಾವ ಆರ್‌ಟಿಒ ಅಂತ ಹೇಳಲ್ಲ, ಮತ್ತೆ ಹೋಗೋದಿದೆ ಅಲ್ಲಿಗೆ. ಮೊದ್ಲು ದಿಲ್ಲೀಲಿ ಫಾರ್ಮ್ 28 ಹಾಕಿ ಎನ್‌ಒಸಿ (ಗಾಡಿ ಬೇರೆ ಕಡೆ ಒಯ್ಯೋಕೆ ಅಭ್ಯಂತರ ಇಲ್ಲ ಅನ್ನೋ ಪತ್ರ) ತಗೊಳ್ಳಿ, ಅದಕ್ಕೆ ಮುಂಚೆ ಬಾಕಿ ಚಲನ್ ಎಲ್ಲಾ ಕಟ್ಟಿರ್ಬೇಕು, ಸಾಲ ಇದ್ರೆ ಬ್ಯಾಂಕಿನ ಹೆಸ್ರು ಆರ್‌ಸಿಯಿಂದ ತೆಗೆಸಿರ್ಬೇಕು. ಹಿಂದೆ ರಿಜಿಸ್ಟ್ರೇಶನ್ ಮುಗಿದು ಒಂದು ವರ್ಷದೊಳಗೇ ಎನ್‌ಒಸಿ ತಗೋಬೇಕಿತ್ತು, ಆ ಗಡುವು 2025ರ ಅಕ್ಟೋಬರಲ್ಲಿ ತೆಗೆದ್ರು, ಹಾಗಾಗಿ ನಿಮಗಿನ್ನೂ ದಾರಿ ಇದೆ. ಇಲ್ಲಿಗೆ ಬಂದ್ಮೇಲೆ ಹೊಸ ನಂಬರಿಗೆ ಫಾರ್ಮ್ 27, ಗಾಡಿ ತಪಾಸಣೆ, ರೀ-ರಿಜಿಸ್ಟ್ರೇಶನ್ನಿಗೆ ಆ 5,000, ಮೇಲೆ ಗ್ರೀನ್ ಟ್ಯಾಕ್ಸು, ಲೈಫ್ ಟ್ಯಾಕ್ಸು. ಲೈಫ್ ಟ್ಯಾಕ್ಸ್ ಪರ್ಸೆಂಟ್ ಗಾಡಿ ವಯಸ್ಸಾದಂಗೆ ಇಳಿಯುತ್ತೆ, ಆದ್ರೆ ಲೆಕ್ಕ ಶುರು ಮಾಡೋದು ಅವತ್ತಿನ ಬಿಲ್ ರೇಟಿಂದ, ಈಗ ಗುಜರಿಯವ್ನು ಕೊಡೋ ರೇಟಿಂದಲ್ಲ. ಹಾಗಾಗಿ 2009ರ ಇನ್‌ವಾಯ್ಸ್ ಹುಡುಕಿ ಇಟ್ಕೊಳ್ಳಿ. ದಿಲ್ಲೀಲಿ ಕಟ್ಟಿದ ಟ್ಯಾಕ್ಸಿಗೆ ರೀಫಂಡ್ ಆಸೆ ಬಿಡಿ, 15 ವರ್ಷ ಮುಗೀತಲ್ಲ.

ಇನ್ನೊಂದು, ಓಡಿಸ್ಕೊಂಡು ಬರೋ ಸಾಹಸ ಬೇಡ, ಲಾರಿ ಮೇಲೆ ಹಾಕಿ. ನನ್ ಗಾಡಿಗೆ ಚಾಸಿ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ತಂದಿದ್ದು ಸರಿ ಮೂಡಿಲ್ಲ ಅಂತ ಮೂರ್ ಸಲ ವಾಪಸ್ ಕಳ್ಸಿದ್ರು, ತುಕ್ಕಿಗೆ ಸೀಮೆಎಣ್ಣೆ ಹಚ್ಚಿ ಒರೆಸಿದ್ಮೇಲೆ ಕೊನೆಗೂ ಮೂಡ್ತು. ನೀವು ಅಲ್ಲಿಂದ ಹೊರಡೋ ಮುಂಚೇನೇ ಒರೆಸಿ ನೋಡ್ಕೊಂಡ್ ಬನ್ನಿ.

ತೆರಿಗೆಪೀಡಿತ:
ಗುಜರಿ ಅಂದ್ರೆ ಬೈತೀರ, ಆದ್ರೂ ಹೇಳ್ತೀನಿ. ಸರ್ಕಾರ ಒಪ್ಪಿದ ಸ್ಕ್ರ್ಯಾಪ್ ಸೆಂಟರಿಗೇ ಕೊಟ್ಟು ಡೆಪಾಸಿಟ್ ಸರ್ಟಿಫಿಕೇಟ್ (ಗಾಡಿ ಗುಜರಿಗೆ ಒಪ್ಪಿಸಿದ್ದಕ್ಕೆ ಕೊಡೋ ಪತ್ರ) ತಗೊಂಡ್ರೆ ಹೊಸ ಗಾಡಿಯ ರಸ್ತೆ ತೆರಿಗೇಲಿ 25 ಪರ್ಸೆಂಟ್ ತನಕ ರಿಯಾಯ್ತಿಗೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ, ಆಯಾ ರಾಜ್ಯ ಎಷ್ಟು ಕೊಡುತ್ತೆ ಕೇಳ್ಕೊಳ್ಳಿ. ಬೀದಿ ಗುಜರಿಗೆ ಕೊಟ್ಟು ಆರ್‌ಸಿ ಕ್ಯಾನ್ಸಲ್ ಮಾಡಿಸದೆ ಬಿಟ್ರೆ ನಾಳೆ ಆ ನಂಬರ್ ಎಲ್ಲೋ ಓಡುತ್ತೆ, ನೋಟಿಸ್ ಮಾತ್ರ ನಿಮ್ಮಪ್ಪನ ಹೆಸ್ರಿಗೆ.

ಹುಬ್ಳಿಹುಡುಗ_ದ್ವಾರಕಾ:
ಆರ್‌ಸಿ ನೋಡಿದ್ನಿ. ಬಿಎಸ್ 3 ನ ಐತ್ರಿ, ರಿಜಿಸ್ಟರ್ ಆಗಿದ್ದು ನವೆಂಬರಾಗ. ಐದು ತಿಂಗಳು ತಡದು ತಗೊಂಡಿದ್ರ ಈ ತಾಪತ್ರಯನ ಇರ್ತಿರಲಿಲ್ಲ, ಆದ್ರ ಅವಾಗ ದೀಪಾವಳಿ ಆಫರ್ ಇತ್ತಂತ 😐 ಅಪ್ಪಗ ಎಲ್ಲಾ ಓದಿ ಹೇಳಿದೆ. ಟ್ಯಾಕ್ಸ್ ಎರಡ್ ಸರ್ತಿ ಯಾಕ ಅಂತ ಒಂದೈದು ನಿಮಿಷ ಎರಡೂ ಸರ್ಕಾರಕ್ಕ ಬೈದ್ರು, ಆಮ್ಯಾಲೆ ಸುಮ್ನ ಎದ್ದು ಹೋಗಿ ಅಲ್ಮಾರಿಯಿಂದ ಆ ಇನ್‌ವಾಯ್ಸ್ ತಂದು ಮುಂದಿಟ್ರು, ಲ್ಯಾಮಿನೇಷನ್ ಮಾಡಿಸಿ ಇಟ್ಟಾರ. ದಿಲ್ಲಿಂದ ಹುಬ್ಬಳ್ಳಿಗೆ ಲಾರಿ ಮ್ಯಾಲೆ ಕಾರು ಕಳಿಸಿದವ್ರು ಯಾರರ ಇದ್ದೀರೇನು, ಎಷ್ಟ್ ತಗೊಂತಾರ?