ಎಂಟು ವಾರಕ್ಕೊಮ್ಮೆ ಸಿಗುವ ವಿಶ್ರಾಂತಿ ರಜೆಗೆ ಊರಿಗೆ ಬರುವುದು ಸರಿಯೇ?

ಬಾತಿಗುಡ್ಡ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಹದಿನಾಲ್ಕು ತಿಂಗಳಿಂದ ದಕ್ಷಿಣ ಸುಡಾನಿನ ಬೆಂಟಿಯುವಿನಲ್ಲಿ ಒಂದು ನೆರವು ಸಂಸ್ಥೆಯ ನೀರು ಮತ್ತು ನೈರ್ಮಲ್ಯ ವಿಭಾಗದ ಎಂಜಿನಿಯರ್ ಆಗಿದ್ದೇನೆ. 2021ರ ಪ್ರವಾಹದಲ್ಲಿ ಅಲ್ಲಿನ ಶಿಬಿರವನ್ನು ನೀರು ಸುತ್ತುವರಿಯಿತು. ನೆಲೆ ಕಳೆದುಕೊಂಡ ಒಂದು ಲಕ್ಷಕ್ಕೂ ಹೆಚ್ಚು ಜನ ಮಣ್ಣಿನ ಏರಿಗಳನ್ನು ನಂಬಿ ಬದುಕಬೇಕಾಯಿತು. ವಿಶ್ವಸಂಸ್ಥೆಯ ಪದ್ಧತಿಯಂತೆ ನಮ್ಮಲ್ಲಿಯೂ ಐದು ಕೆಲಸದ ದಿನಗಳ ವಿಶ್ರಾಂತಿ ರಜೆಯುಂಟು, ಪ್ರಯಾಣದ ದಿನಗಳು ಪ್ರತ್ಯೇಕ. ನಾವು ಅದನ್ನು ಆರ್ ಅಂಡ್ ಆರ್ ಎನ್ನುತ್ತೇವೆ.

ಕಳೆದ ಬಾರಿ ಊರಿಗೆ ಬಂದಾಗ ಒಂದು ಗೃಹಪ್ರವೇಶ, ಒಂದು ನಿಶ್ಚಿತಾರ್ಥ, ಮಗನಿಗೆ ವಿದೇಶದಲ್ಲಿ ಕೆಲಸ ಕೊಡಿಸೆಂದು ಬಂದ ನೆಂಟರು, ಇವುಗಳಲ್ಲೇ ದಿನಗಳು ಕಳೆದವು. ಮೂರನೆಯ ದಿನ ಬೆಳಿಗ್ಗೆ ಅತ್ತಿಗೆ ಅಂಗಳ ತೊಳೆಯುತ್ತಿದ್ದರು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಮುಟ್ಟಿಸಲು ಹೆಣಗುವವನು ನಾನು. ಅವರು ಸುರಿಯುತ್ತಿದ್ದ ಬಕೆಟ್‌ಗಳನ್ನು ಎಣಿಸುತ್ತಾ ಕುಳಿತಿದ್ದವನು ನಾಲ್ಕನೆಯದಕ್ಕೆ ಕೂಗಾಡಿಬಿಟ್ಟೆ. ಅವರು ಅತ್ತರು. ನನ್ನನ್ನು ಮಗನಂತೆ ನೋಡಿಕೊಂಡವರು ಅವರು. ಆ ನೋವು ಇಂದಿಗೂ ಹೋಗಿಲ್ಲ.

ಮುಂದಿನ ತಿಂಗಳ ರಜೆಯನ್ನು ಉಗಾಂಡಾದ ಎಂಟೆಬೆಯಲ್ಲಿ, ವಿಕ್ಟೋರಿಯಾ ಸರೋವರದ ದಡದಲ್ಲಿ ಒಬ್ಬನೇ ಕಳೆಯೋಣವೆನ್ನಿಸುತ್ತಿದೆ. ಆದರೆ ಅವ್ವ ಆಗಲೇ ಶಾವಿಗೆ ಹೊಸೆದಿಟ್ಟಿದ್ದಾಳೆ. ಅನುಭವವುಳ್ಳವರು ದಾರಿ ತೋರಿಸಬೇಕು.

ಕೋಟೆಸಾಲು, ಚಿತ್ರದುರ್ಗ

ತಮ್ಮಾ, 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಗಡಿ ದಾಟಿ ಬಂದ ನಂತರ ನಾನು ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರದಲ್ಲಿ ನರ್ಸ್ ಆಗಿದ್ದೆ. ಮೊದಲ ರಜೆಯಲ್ಲಿ ನಾನೂ ಹೀಗೆಯೇ ಮನೆಯವರ ಮೇಲೆ ಹರಿಹಾಯ್ದಿದ್ದೆ. ಅದನ್ನು ನಿಮ್ಮ ಸ್ವಭಾವದ ದೋಷವೆಂದು ತಿಳಿಯಬೇಡಿ. ವಾರಗಟ್ಟಲೆ ಎಚ್ಚರದಲ್ಲೇ ಇದ್ದ ದೇಹಕ್ಕೆ ಅಪಾಯ ಕಳೆಯಿತೆಂಬ ಸುದ್ದಿ ವಿಮಾನ ಇಳಿದ ಕೂಡಲೇ ಮುಟ್ಟುವುದಿಲ್ಲ. ನನಗಂತೂ ಮೊದಲ ಎರಡು ರಾತ್ರಿ ನಿದ್ದೆಯೇ ಹತ್ತುತ್ತಿರಲಿಲ್ಲ, ಮೂರನೆಯ ದಿನ ಎಚ್ಚರವೇ ಆಗುತ್ತಿರಲಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಬನ್ನಿ, ಆದರೆ ನೇರವಾಗಿ ಮನೆಗೆ ಹೋಗಬೇಡಿ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರದ ಚಿತ್ರದುರ್ಗ ನಿಮ್ಮ ದಾರಿಯಲ್ಲೇ ಇದೆ. ಇಲ್ಲಿ ಎರಡು ದಿನ ಕೋಣೆ ಹಿಡಿದು, ಬಾಗಿಲು ಹಾಕಿಕೊಂಡು ಮಲಗಿ. ಏಳು ಸುತ್ತಿನ ಕೋಟೆಯನ್ನು ಹತ್ತಲೇಬೇಕೆಂಬ ಹಟ ಬೇಡ, ನೋಡಿ ಮುಗಿಸಬೇಕಾದ ಪಟ್ಟಿ ಕೈಯಲ್ಲಿದ್ದರೆ ಅದೂ ಕೆಲಸವೇ ಆಗುತ್ತದೆ. ಬಿಸಿಲೇರುವ ಮುಂಚೆ ಚಂದ್ರವಳ್ಳಿಯ ಕೆರೆಯ ಬಳಿ ಬಂಡೆಯೊಂದರ ಮೇಲೆ ಸುಮ್ಮನೆ ಕುಳಿತು ಬನ್ನಿ. ನಾನು ಅಲ್ಲಿ ಕುಳಿತಾಗಲೇ ಎಷ್ಟೋ ತಿಂಗಳ ಮೇಲೆ ಅಳು ಬಂದದ್ದು, ಆಮೇಲೆ ಹಸಿವಾದದ್ದು. ಕಚೇರಿಯ ಫೋನನ್ನು ಮಾತ್ರ ದಯವಿಟ್ಟು ಆರಿಸಿಡಿ.

ಪ್ರಯೋಗಶಾಲೆಯವರು, ದಾವಣಗೆರೆ

ಒಂದು ಮಾತನ್ನು ಸೇರಿಸುತ್ತೇನೆ. ರಜೆಯಲ್ಲಿ ಜ್ವರ ಬಂದರೆ ಪ್ರಯಾಣದ ಆಯಾಸವೆಂದು ಮಲಗಿಬಿಡಬೇಡಿ. ದಕ್ಷಿಣ ಸುಡಾನಿನಿಂದ ಬಂದಿರುವುದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಅದೇ ದಿನ ಮಲೇರಿಯಾ ಪರೀಕ್ಷೆ ಮಾಡಿಸಿ. ಫಾಲ್ಸಿಪೇರಮ್ ಬಗೆಯ ಮಲೇರಿಯಾ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಮುಳುವಾಗಬಲ್ಲದು. ತಡೆಮಾತ್ರೆ ನುಂಗುತ್ತಿದ್ದರೆ ಊರಿಗೆ ಬಂದೆನೆಂದು ನಿಲ್ಲಿಸಬಾರದು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವೂ ಜೊತೆಗಿರಲಿ, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸಬಹುದು.

ಹರಿಹರದ ತಾಯಿ

ಮಗನೇ, ನನ್ನ ಮಗಳೂ ಹೊರದೇಶದಲ್ಲಿ ಇಂಥದೇ ಕೆಲಸದಲ್ಲಿದ್ದಾಳೆ. ಮಕ್ಕಳು ಬಾರದಿದ್ದರೆ ನೋವಾಗುವುದು ನಿಜ, ಆದರೆ ಬಂದವಳು ತಟ್ಟೆಯ ಮುಂದೆ ಕುಳಿತು ಎಲ್ಲೋ ನೋಡುತ್ತಿದ್ದರೆ ಆಗುವ ಸಂಕಟ ಇನ್ನೂ ದೊಡ್ಡದು. ಅವ್ವನಿಂದ ಮುಚ್ಚಿಟ್ಟು ಚಿತ್ರದುರ್ಗದಲ್ಲಿ ಉಳಿಯಬೇಡಿ. ಎರಡು ದಿನ ಅಲ್ಲಿದ್ದು ಬರುತ್ತೇನೆಂದು ಹೇಳಿ, ನೆಂಟರಿಗೆ ತಿಳಿಸದಿರುವ ಹೊಣೆಯನ್ನೂ ಅವರಿಗೇ ಒಪ್ಪಿಸಿ. ನಾನು ನನ್ನ ಮಗಳು ಬಂದದ್ದನ್ನು ಪಕ್ಕದ ಮನೆಯವರಿಗೂ ಹೇಳಿರಲಿಲ್ಲ. ಮದುವೆ ಮುಂಜಿಗಳಿಗೆ ವಾರ್ಷಿಕ ರಜೆ ಇದ್ದೇ ಇದೆಯಲ್ಲವೇ?

ಬಾತಿಗುಡ್ಡ, ದಾವಣಗೆರೆ

ಎಲ್ಲರಿಗೂ ಋಣಿ. ಬೆಂಗಳೂರಿಗೆ ಟಿಕೆಟ್ ತೆಗೆಸಿದ್ದೇನೆ. ಚಿತ್ರದುರ್ಗದ ವಿಚಾರ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ನಂತರ, ಕೇಳಿದವರಿಗೆಲ್ಲ ದೀಪಾವಳಿಗೆ ಬರುತ್ತಾನೆಂದು ಹೇಳುತ್ತೇನೆ ಎಂದಳು.

ಅತ್ತಿಗೆಗೂ ಫೋನ್ ಮಾಡಿ ಕ್ಷಮೆ ಕೇಳಿ, ನಮ್ಮ ಶಿಬಿರದ ಲೆಕ್ಕವನ್ನು ಮೊದಲ ಬಾರಿಗೆ ವಿವರಿಸಿದೆ. 15 ಲೀಟರ್ ಎಂದರೆ ಹೆಚ್ಚುಕಡಿಮೆ ಒಂದು ಕೊಡ ಎಂದೆ. ಕುಡಿಯಲು, ಅಡಿಗೆಗೆ, ಮೈ ತೊಳೆಯಲು, ಎಲ್ಲಕ್ಕೂ ಸೇರಿ ಒಂದೇ ಕೊಡವೇ ಎಂದು ಅವರು ಕೇಳಿದರು. ಹೌದೆಂದೆ. ಹಾಗಾದರೆ ಕೂಸು ಇರುವ ತಾಯಂದಿರು ಬಟ್ಟೆಗೆ ಏನು ಮಾಡುತ್ತಾರೆ ಎಂದು ಕೇಳಿದರು. ಅರ್ಧ ಗಂಟೆ ಅದನ್ನೇ ಮಾತನಾಡಿದೆವು.