ವಕೀಲರನ್ನು ಕೇಳಿ: ಮೀಸಲಾತಿ ವಿರೋಧಿ ಮೆರವಣಿಗೆ, ಸಹಿ ಪತ್ರ, ಸರ್ಟಿಫಿಕೇಟು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಗುಂಪಿನಲ್ಲಿ ಮೀಸಲಾತಿಯದ್ದೇ ಗಲಾಟೆ. ದೂರದ ದೊಡ್ಡ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಕಡೆಯ ಮಕ್ಕಳಲ್ಲಿ ಕೆಲವರು ಮೀಸಲಾತಿ ಬೇಡ ಅಂತ ಸಹಿ ಸಂಗ್ರಹಿಸುತ್ತಿದ್ದಾರೆ. ಕೆಲವರು ಅದೇ ಮೀಸಲಾತಿಯಲ್ಲಿ ಸೀಟು ಪಡೆದವರು. ಶಿವಮೊಗ್ಗ ಕೋರ್ಟಿನಲ್ಲಿ ಜಾತಿ ಪ್ರಮಾಣಪತ್ರ, ಅಡ್ಮಿಷನ್ ಕೇಸುಗಳನ್ನು ನೋಡುವ ವಕೀಲೆ ಮೇಡಂ ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಅಡಿಕೆ ಮಂಡಿ: ಮೇಡಂ ನಮಸ್ತೆ. ಮೀಸಲಾತಿ ಹತ್ತೇ ವರ್ಷಕ್ಕೆ ಅಂತ ಸಂವಿಧಾನದಲ್ಲೇ ಇತ್ತಂತೆ. ಈ ಮೆಸೇಜ್ ನೋಡಿ. ಹಾಗಿದ್ದರೆ ಈಗ ಕೊಡುತ್ತಿರುವುದೆಲ್ಲ ಕಾನೂನುಬಾಹಿರ ಅಲ್ವಾ?

ವಕೀಲೆ: ಹತ್ತು ವರ್ಷದ ಗಡುವು ಇದ್ದದ್ದು ಲೋಕಸಭೆ, ವಿಧಾನಸಭೆ ಸೀಟುಗಳಿಗೆ. 334ನೇ ವಿಧಿ. ಅದನ್ನು ಮುಂದಕ್ಕೆ ಹಾಕುತ್ತಾ ಬಂದು ಈಗ 2030ರವರೆಗೆ ಇದೆ. ಕಾಲೇಜು ಸೀಟಿನ ಮೀಸಲಾತಿ 15(4) ಮತ್ತು 15(5)ರಲ್ಲಿ ಬರುತ್ತದೆ. ಅಲ್ಲಿ ಗಡುವೇ ಇಲ್ಲ.

ದುರ್ಗಿಗುಡಿ ಹುಡುಗ: ಮೇಡಂ, ನಾನು ಬೇರೆ ರಾಜ್ಯದಲ್ಲಿ ಎಂಬಿಬಿಎಸ್ ಮಾಡುತ್ತಿದ್ದೇನೆ, ರಜೆಗೆ ಬಂದಿದ್ದೇನೆ. ನಾವು ಫ್ರೆಂಡ್ಸ್ ಸೇರಿ ಗೋಪಿ ಸರ್ಕಲ್‌ನಿಂದ ಡಿಸಿ ಆಫೀಸಿಗೆ ಮೀಸಲಾತಿ ವಿರುದ್ಧ ಮೆರವಣಿಗೆ ಮಾಡಬೇಕು ಅಂತಿದ್ದೇವೆ. 2006ರಲ್ಲಿ ದೆಹಲಿಯ ಮೆಡಿಕಲ್ ವಿದ್ಯಾರ್ಥಿಗಳು ಮಾಡಿದ ಹಾಗೆ ಏಪ್ರನ್ ಹಾಕಿಕೊಂಡು ರಸ್ತೆ ಗುಡಿಸುವುದು, ಶೂ ಪಾಲಿಶ್ ಮಾಡುವುದು. ಕೇಸ್ ಬೀಳುತ್ತಾ?

ವಕೀಲೆ: ಮೀಸಲಾತಿ ಬೇಡ ಅನ್ನುವುದು ಅಪರಾಧ ಅಲ್ಲ. ಠಾಣೆಗೆ ಮೊದಲೇ ಅರ್ಜಿ ಕೊಡಿ. ದಾರಿ, ಸಮಯ, ಎಷ್ಟು ಜನ ಅಂತ ಬರೆಯಿರಿ. ಮೈಕ್ ಬೇಕಾದರೆ ಅದಕ್ಕೂ ಅನುಮತಿ ಕೇಳಿ.

ಪೊರಕೆ, ಪಾಲಿಶ್ ಡಬ್ಬ ಮನೆಯಲ್ಲೇ ಬಿಟ್ಟು ಬನ್ನಿ. ಸೀಟು ಹೋದರೆ ನಮಗೆ ಇದೇ ಗತಿ ಅಂತ ನೀವು ತೋರಿಸಲು ಹೊರಟಿದ್ದೀರಿ. ಬೆಳಗಿನ ಜಾವ ಅದೇ ಗೋಪಿ ಸರ್ಕಲ್ ಗುಡಿಸಿ, ಎಂಟು ಗಂಟೆಗೆ ರಸ್ತೆ ಬದಿ ಕೂತು ತಿಂಡಿ ತಿನ್ನುವ ಪೌರಕಾರ್ಮಿಕರಿಗೆ ಅದು ಹೇಗೆ ಕೇಳಿಸುತ್ತದೆ ಯೋಚನೆ ಮಾಡಿ. ಪೊರಕೆ ಹಿಡಿದಷ್ಟಕ್ಕೇ ಕೇಸ್ ನಿಲ್ಲುತ್ತದೋ ಇಲ್ಲವೋ ಅನ್ನುವುದು ವಾದದ ವಿಷಯ. ಆದರೆ ಗುಂಪಿನಲ್ಲಿ ಒಬ್ಬ ಜಾತಿ ಹೆಸರು ಹಿಡಿದು ಕೂಗಿದರೆ, ಅದರ ವಿಡಿಯೊ ಇದ್ದರೆ, ಎಸ್‌ಸಿ, ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಆ ಕಾಯ್ದೆಯಲ್ಲಿ ನಿರೀಕ್ಷಣಾ ಜಾಮೀನಿಗೇ ಅಡ್ಡಿ ಇದೆ. ಎಂಬಿಬಿಎಸ್ ಮಧ್ಯದಲ್ಲಿ ಅದು ಬೇಕಾ?

2006ನ್ನು ನೆನೆಸಿಕೊಳ್ಳುವುದಾದರೆ ಪೂರ್ತಿ ನೆನೆಸಿಕೊಳ್ಳಿ. ಕೇಂದ್ರದ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಶೇ 27 ಕೊಡುತ್ತೇವೆ ಅಂತ ಆಗಿನ ಮಂತ್ರಿ ಅರ್ಜುನ್ ಸಿಂಗ್ ಹೊರಟರು. ದೆಹಲಿಯಲ್ಲಿ ಮೇ ತಿಂಗಳು ಮುಷ್ಕರ, ಉಪವಾಸ. ಸರ್ಕಾರ ವೀರಪ್ಪ ಮೊಯಿಲಿ ಅವರ ಸಮಿತಿ ಮಾಡಿತು. ಆಮೇಲೆ ಬಂದ ಕಾಯ್ದೆಯಲ್ಲಿ ಒಂದು ಕಲಂ ಇದೆ: ಒಟ್ಟು ಸೀಟು ಹೆಚ್ಚಿಸಬೇಕು, ಸಾಮಾನ್ಯ ವರ್ಗದ ಸೀಟು ಮೊದಲಿಗಿಂತ ಕಡಿಮೆ ಆಗಬಾರದು. 2007ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2008ರ ಏಪ್ರಿಲ್ 10ಕ್ಕೆ ಅಶೋಕ್ ಕುಮಾರ್ ಠಾಕೂರ್ ಕೇಸಿನಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು, ಕೆನೆಪದರ, ಅಂದರೆ ಹಿಂದುಳಿದ ವರ್ಗಗಳಲ್ಲೇ ಮುಂದುವರಿದವರನ್ನು, ಹೊರಗಿಡಿ ಅಂತ ಹೇಳಿ. ಅಂದರೆ ವಿರೋಧಿಸಿದವರಿಗೆ ಏನೂ ಸಿಗಲಿಲ್ಲ ಅಂತಲ್ಲ. ಸೀಟು ಹೆಚ್ಚಾಯಿತು, ಕೆನೆಪದರ ಹೊರಗಾಯಿತು. ಪೊರಕೆಯಿಂದ ಏನು ಸಿಕ್ಕಿತು ಅಂತ ಯಾರಾದರೂ ಹೇಳಿದರೆ ಕೇಳುತ್ತೇನೆ.

ಶಿಕಾರಿಪುರ ಅಪ್ಪ: ಮೇಡಂ, ನಾವು ವೀರಶೈವ ಲಿಂಗಾಯತರು, ಮಗಳಿಗೆ 3ಬಿ ಸರ್ಟಿಫಿಕೇಟ್ ಇದೆ. ಜೆಇಇಗೆ ಒಬಿಸಿ ಅಂತ ಹಾಕಬಹುದಾ?

ವಕೀಲೆ: ಆಗಲ್ಲ. 3ಬಿ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯದ್ದು, ಜೆಇಇಗೆ ನೋಡುವುದು ಕೇಂದ್ರದ ಒಬಿಸಿ ಪಟ್ಟಿ. ಕೆಲವು ಒಳಪಂಗಡಗಳು ಮಾತ್ರ ಕೇಂದ್ರದ ಪಟ್ಟಿಯಲ್ಲಿವೆ. ನಿಮ್ಮದು ಇದೆಯಾ ನೋಡಿ, ಇಲ್ಲದಿದ್ದರೆ ಸಾಮಾನ್ಯ ವರ್ಗ. ಆದಾಯ, ಜಮೀನು ಮಿತಿಯೊಳಗಿದ್ದರೆ ಇಡಬ್ಲ್ಯೂಎಸ್, ಅಂದರೆ ಸಾಮಾನ್ಯ ವರ್ಗದ ಬಡವರಿಗೆ ಇರುವ ಶೇ 10.

ಹೊಸನಗರ ಅಮ್ಮ: ಮೇಡಂ, ನನ್ನದು ಸ್ವಲ್ಪ ಉದ್ದ, ಕ್ಷಮಿಸಿ. ನಾವು ದೀವರು. ನಮ್ಮನೆಯವರು ಪ್ರೈಮರಿ ಶಾಲೆ ಮೇಷ್ಟ್ರು, ಮೂರು ಎಕರೆ ತೋಟ ಇದೆ. ಮಗ ಉತ್ತರದ ಕಡೆ ಒಂದು ದೊಡ್ಡ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷ, ಒಬಿಸಿ ಸೀಟು. ಹಾಸ್ಟೆಲ್ ಹುಡುಗರು ಮೀಸಲಾತಿ ರದ್ದು ಮಾಡಿ ಅಂತ ಮನವಿ ಮಾಡಿದ್ದಾರೆ, ಎಲ್ಲರ ಸಹಿ ಬೇಕಂತೆ. ಜೊತೆಗೆ ಒಂದು ಪಟ್ಟಿ ಓಡಾಡುತ್ತಿದೆ. ಹೆಸರು, ರ‍್ಯಾಂಕು, ಯಾವ ಕೋಟಾ ಅಂತ. ಸಹಿ ಹಾಕದವರ ಹೆಸರಿನ ಮುಂದೆ ಗುರುತು ಹಾಕುತ್ತಾರಂತೆ. ಒಬ್ಬ ಇವನಿಗೆ, ನಿಮ್ಮಪ್ಪಂಗೆ ಸಂಬಳ ಇದೆ, ತೋಟ ಇದೆ, ನಿಂದು ಸುಳ್ಳು ಸರ್ಟಿಫಿಕೇಟು ಅಂದನಂತೆ. ಮಗ ಫೋನಿನಲ್ಲಿ ಕೇಳಿದ: ಅಮ್ಮಾ, ನಾನೂ ಸಹಿ ಹಾಕಿಬಿಟ್ಟರೆ ಸುಮ್ನಾಗ್ತಾರೆ ಅಲ್ವಾ? ಏನು ಹೇಳಲಿ ಗೊತ್ತಾಗಲಿಲ್ಲ. ಊಟ ಸರಿಯಾಗಿ ಮಾಡುತ್ತಿಲ್ಲ ಅನಿಸುತ್ತೆ.

ವಕೀಲೆ: ಅಕ್ಕ, ಒಳ್ಳೆಯದಾಯಿತು ಕೇಳಿದ್ದು. ಒಂದೊಂದಾಗಿ ಹೇಳುತ್ತೇನೆ.

ಮೊದಲು ಸರ್ಟಿಫಿಕೇಟು. ದೀವರು ರಾಜ್ಯದಲ್ಲಿ 2ಎ, ಕೇಂದ್ರದ ಒಬಿಸಿ ಪಟ್ಟಿಯಲ್ಲೂ ಇದ್ದಾರೆ. ಕೇಂದ್ರದ ಕೆನೆಪದರಕ್ಕೆ ವರ್ಷಕ್ಕೆ ಎಂಟು ಲಕ್ಷ ಆದಾಯದ ಮಿತಿ ಇದೆಯಲ್ಲ, ಆ ಲೆಕ್ಕಕ್ಕೆ ಸಂಬಳವನ್ನೂ ಸೇರಿಸುವುದಿಲ್ಲ, ಕೃಷಿ ಆದಾಯವನ್ನೂ ಸೇರಿಸುವುದಿಲ್ಲ. 1993ರ ಆದೇಶದಿಂದಲೂ ಹಾಗೆಯೇ. ಸರ್ಕಾರಿ ನೌಕರರಿಗೆ ನೋಡುವುದು ಹುದ್ದೆಯ ದರ್ಜೆ. ಪ್ರೈಮರಿ ಮೇಷ್ಟ್ರು ಆ ಬಲೆಗೆ ಬೀಳುವುದಿಲ್ಲ. ಜಮೀನಿಗೆ ನೋಡುವುದು ಭೂ ಮಿತಿ ಕಾಯ್ದೆಯ ಲೆಕ್ಕದಲ್ಲಿ ಎಷ್ಟು ಹಿಡುವಳಿ ಅಂತ. ಮೂರು ಎಕರೆ ಅದರ ಹತ್ತಿರಕ್ಕೂ ಬರುವುದಿಲ್ಲ. ಸರ್ಟಿಫಿಕೇಟು ಸರಿಯಾಗಿಯೇ ಇದೆ. ಮಗನಿಗೆ ಮೊದಲು ಇದನ್ನು ಹೇಳಿ, ಏಕೆಂದರೆ ತಾನೇ ಏನೋ ಕದ್ದಿದ್ದೇನೆ ಅನ್ನುವ ಅಳುಕು ಅವನಿಗೆ ಶುರುವಾಗಿದೆ ಅಂತ ನನಗೆ ಅನಿಸುತ್ತಿದೆ.

ಈ ನಿಯಮ ಸರಿಯಾ ಅಂತ ಆ ಹುಡುಗರು ಕೇಳಿದರೆ ಅದು ಬೇರೆ ಮಾತು. ಎಂಟು ಲಕ್ಷ ಅಂತ ಮಾಡಿದ್ದು 2017ರಲ್ಲಿ. ಸಂಬಳ ಯಾಕೆ ಬಿಡಬೇಕು ಅಂತ ವಾದ ಮಾಡುವವರು ಇದ್ದಾರೆ, ಮಾಡಲಿ. ಆದರೆ ಸರ್ಕಾರದ ಜೊತೆ ಮಾಡಬೇಕಾದ ವಾದವನ್ನು ಹದಿನೆಂಟು ವರ್ಷದ ಹುಡುಗನ ಮಂಚದ ಹತ್ತಿರ ಬಂದು ಮಾಡಬಾರದು.

ಸಹಿ. ಹಾಕಿದರೂ ಸೀಟು ಹೋಗುವುದಿಲ್ಲ, ಹಾಕದಿದ್ದರೂ ಹೋಗುವುದಿಲ್ಲ. ಅವನಿಗೆ ನಿಜವಾಗಿಯೂ ಮೀಸಲಾತಿ ಬೇಡ ಅನಿಸಿದರೆ ಹಾಕಲಿ, ಅದು ಅವನ ಹಕ್ಕು. ಹೆದರಿ ಹಾಕುವುದಾದರೆ ಬೇಡ. ಪಟ್ಟಿಯಲ್ಲಿ ಕೋಟಾ ಈಗಾಗಲೇ ಬರೆದಾಗಿದೆ, ಸಹಿಯಿಂದ ಅದು ಅಳಿಸುವುದಿಲ್ಲ. ಇಷ್ಟಾದ ಮೇಲೂ ನಿನ್ನದು ಆ ಸೀಟೇ ಅಂತ ನಾಳೆ ಅದನ್ನೂ ಆಡಿಕೊಳ್ಳುತ್ತಾರೆ.

ನನಗೆ ಯೋಚನೆ ಆಗಿರುವುದು ಆ ಪಟ್ಟಿ. ದೌರ್ಜನ್ಯ ತಡೆ ಕಾಯ್ದೆ ಎಸ್‌ಸಿ, ಎಸ್‌ಟಿಯವರಿಗೆ ಮಾತ್ರ, ನಿಮ್ಮ ಮಗನಿಗೆ ಬರುವುದಿಲ್ಲ. ಆದರೆ ರ‍್ಯಾಗಿಂಗ್ ನಿಯಮ ಬರುತ್ತದೆ. ಜಾತಿ ಹಿಡಿದು ಹಿಂಸೆ ಕೊಡುವುದೂ ರ‍್ಯಾಗಿಂಗ್ ಅಂತ ಯುಜಿಸಿ 2016ರಲ್ಲಿ ಸ್ಪಷ್ಟವಾಗಿ ಸೇರಿಸಿದೆ. ಪಟ್ಟಿಯ ಸ್ಕ್ರೀನ್‌ಶಾಟ್, ಯಾರು ಕಳಿಸಿದರು, ಯಾವ ದಿನ, ಎಲ್ಲ ಇಟ್ಟುಕೊಳ್ಳಲಿ. ವಾರ್ಡನ್‌ಗೆ ಬಾಯಲ್ಲಿ ಹೇಳುವುದಲ್ಲ, ಇಮೇಲ್ ಮಾಡಲಿ. ಕಾಲೇಜು ಸುಮ್ಮನಿದ್ದರೆ ರಾಷ್ಟ್ರೀಯ ಸಹಾಯವಾಣಿ 1800-180-5522. ಇದು ದೊಡ್ಡ ಕಾಲೇಜು, ಇಲ್ಲಿ ಹಾಗೆಲ್ಲ ಇರಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದೆಹಲಿಯ ಏಮ್ಸ್‌ನಲ್ಲೇ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ತಾರತಮ್ಯ ಆಗುತ್ತಿದೆ ಅಂತ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿದೆ.

ಊಟದ ವಿಷಯ ಹೇಳಿದಿರಲ್ಲ. ದಿನಾ ಫೋನ್ ಮಾಡಿ. ಓದು, ಮಾರ್ಕ್ಸು ಅಂತ ಶುರು ಮಾಡಬೇಡಿ. ತೀರಾ ಮಂಕಾಗಿದ್ದಾನೆ ಅನಿಸಿದರೆ ಅವರಪ್ಪ ರಜೆ ಹಾಕಿ ಹೋಗಿ ಬರಲಿ. ಕೇಸಿಗಿಂತ ಅದು ಮೊದಲು.

ಆನಂದಪುರ: ಮೇಡಂ ಮ್ಯಾನೇಜ್‌ಮೆಂಟ್ ಸೀಟು ಮೆಡಿಕಲ್‌ಗೆ ಈಗ ರೇಟು ಹೇಗಿದೆ?

ಅಡಿಕೆ ಮಂಡಿ: ಆ ತಾಯಿ ಬಗ್ಗೆ ಬೇಜಾರಿದೆ. ಆದರೆ ಮೆರಿಟ್ ಅನ್ನುವುದು ಒಂದು ಇದೆ ಅಲ್ವಾ ಮೇಡಂ? ಕಡಿಮೆ ಮಾರ್ಕ್ಸ್ ತೆಗೆದವನು ಒಳಗೆ, ಜಾಸ್ತಿ ತೆಗೆದವನು ಹೊರಗೆ. ಹುಡುಗರಿಗೆ ಸಿಟ್ಟು ಬರದೆ ಇರುತ್ತಾ?

ಶರಾವತಿ ಹಿನ್ನೀರು: ಮೆರಿಟ್ ಬಗ್ಗೆ ನಾನು ಹೇಳ್ತೇನೆ. ನಮ್ಮ ಕಡೆಯ ಹುಡುಗಿ ಸಾಗರದ ಕಾಲೇಜಿಗೆ ಬರಬೇಕಂದರೆ ಹಿನ್ನೀರು ದಾಟಲು ಲಾಂಚಿಗೆ ಕಾಯಬೇಕಿತ್ತು. ಕಾಲೇಜು ಬಿಟ್ಟ ಮೇಲೆ ಟ್ಯೂಷನ್‌ಗೆ ನಿಂತರೆ ಕೊನೆ ಲಾಂಚ್ ಹೋಗಿಬಿಡುತ್ತಿತ್ತು. ಹಾಗಾಗಿ ಟ್ಯೂಷನ್ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ಸೇತುವೆ ಆಗಿದ್ದು 2025ರಲ್ಲಿ. ಮಧ್ಯದ ಅರವತ್ತು ವರ್ಷ ಯಾವ ಅಂಕಪಟ್ಟಿಯಲ್ಲಿ ಬರುತ್ತೆ ಮಾರಾಯ್ರೆ?

ಅಡಿಕೆ ಮಂಡಿ: ಲಾಂಚ್ ನಿಮಗೊಬ್ಬರಿಗೇ ಇತ್ತಾ? ತುಮರಿ ಕಡೆ ನಮ್ಮವರೂ ಇದ್ದಾರೆ. ಅವರೂ ಅದೇ ಲಾಂಚಿನಲ್ಲಿ ನಿಂತವರು. ಹಾಗಾದರೆ ಲಾಂಚಿನಲ್ಲಿ ಬಂದವರಿಗೆ ಮೀಸಲಾತಿ ಕೊಡಿ. ಜಾತಿಗೆ ಎಂತಕ್ಕೆ?

ವಕೀಲೆ: ಇವತ್ತಿನ ಒಳ್ಳೆಯ ಪ್ರಶ್ನೆ ಇದು. ಕರ್ನಾಟಕದ ಸಿಇಟಿಯಲ್ಲಿ ಅದೂ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5. ಜಾತಿ ಮೀಸಲಾತಿ ತೆಗೆದು ಅದನ್ನು ಕೊಟ್ಟಿಲ್ಲ, ಪ್ರತಿ ವರ್ಗದ ಒಳಗೂ ಅಡ್ಡವಾಗಿ ಬರುತ್ತದೆ. ಸಾಮಾನ್ಯ ವರ್ಗದಲ್ಲೂ ಇದೆ. ಶಾಲೆಯ ಮುಖ್ಯಸ್ಥರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಐಐಟಿ, ಏಮ್ಸ್‌ಗಳಲ್ಲಿ ಇಂಥದ್ದು ಇಲ್ಲ. ಅಲ್ಲೂ ಹಳ್ಳಿ ಶಾಲೆಯವರಿಗೆ ಕೊಡಿ ಅಂತ ಮನವಿ ಬರೆಯಿರಿ, ನಾನೂ ಸಹಿ ಹಾಕುತ್ತೇನೆ.

ಆದರೆ ತುಮರಿಯಲ್ಲಿ ಲಾಂಚ್ ಎಲ್ಲರಿಗೂ ಒಂದೇ ಇರಬಹುದು. ಇಳಿದ ಮೇಲೆ ಸಾಗರದಲ್ಲಿ ಯಾರ ಮನೆಯ ಜಗಲಿಯಲ್ಲಿ ಉಳಿದುಕೊಳ್ಳಲು ಜಾಗ ಸಿಗುತ್ತಿತ್ತು ಅನ್ನುವುದು ಒಂದೇ ಇರಲಿಲ್ಲ. ಜಾತಿ ಲೆಕ್ಕಕ್ಕೆ ಬರುವುದು ಅಲ್ಲಿ.

ತೀರ್ಥಹಳ್ಳಿ ಮೇಷ್ಟ್ರು: ಈ ಜಗಳ ದೆಹಲಿಯಿಂದ ಬಂದದ್ದಲ್ಲ. 1918ರಲ್ಲಿ ಮೈಸೂರು ಮಹಾರಾಜರು ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ಮಾಡಿದಾಗಲೇ ಇತ್ತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆ ಆಗಲಿಲ್ಲ. 1962ರ ಬಾಲಾಜಿ ಕೇಸು ಕೂಡ ಮೈಸೂರು ರಾಜ್ಯದ್ದೇ. ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಶೇ 68 ಮೀಸಲು ಅಂತ ಸರ್ಕಾರ ಆದೇಶ ಮಾಡಿತ್ತು, ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಅರ್ಧಕ್ಕಿಂತ ಜಾಸ್ತಿ ಆಗಬಾರದು ಅನ್ನುವ ಮಾತು ಅಲ್ಲಿಂದ ಶುರು. ಮೇಡಂ, ನನ್ನ ಪ್ರಶ್ನೆ: ಸಾಮಾನ್ಯ ವರ್ಗದ ಬಡವರಿಗೆ ಶೇ 10 ಕೊಟ್ಟಾಗ ಆ ಮಿತಿ ಎಲ್ಲಿ ಹೋಯಿತು?

ಅಡಿಕೆ ಮಂಡಿ: ಸುಪ್ರೀಂ ಕೋರ್ಟ್ ಮೀಸಲಾತಿಯನ್ನೇ ರದ್ದು ಮಾಡಿದೆ, ಸರ್ಕಾರ ಮುಚ್ಚಿಡುತ್ತಿದೆ. ಈ ವಿಡಿಯೊ ನೋಡಿ.

ವಕೀಲೆ: ಇಲ್ಲ. ವಿಡಿಯೊ ಅಳಿಸಿ.

ರಿಪ್ಪನ್‌ಪೇಟೆ: ಮೇಡಂ, ಅಡಿಕೆ ತೋಟ ಆರು ಎಕರೆ, ನನ್ನದೇ ಹೆಸರಿಗೆ. ರೇಟ್ ಇಲ್ಲದ ವರ್ಷ ಆದಾಯ ಏನೂ ಇಲ್ಲ. ಮಗನಿಗೆ ಇಡಬ್ಲ್ಯೂಎಸ್ ಸಿಗುತ್ತಾ?

ವಕೀಲೆ: ಸಿಗಲ್ಲ. ಕೃಷಿ ಜಮೀನು ಐದು ಎಕರೆ ಮುಟ್ಟಿದರೆ ಆದಾಯ ಎಷ್ಟೇ ಇರಲಿ, ಹೊರಗೆ.

ರಿಪ್ಪನ್‌ಪೇಟೆ: ಮೂರು ಎಕರೆ ಹೆಂಡತಿ ಹೆಸರಿಗೆ ಮಾಡಿದರೆ?

ವಕೀಲೆ: ಅಪ್ಪ, ಅಮ್ಮ ಇಬ್ಬರ ಜಮೀನೂ ಸೇರಿಸಿ ಲೆಕ್ಕ.

ಭದ್ರಾವತಿ: ಈ ಮೆಸೇಜ್ ಎಲ್ಲಾ ಪೋಷಕರಿಗೂ ಕಳಿಸಿ. ನೂರು ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಈ ನಮೂನೆಯ ಅಫಿಡವಿಟ್ ಬರೆದು ನೋಟರಿ ಮಾಡಿಸಿದರೆ, ಕೇಂದ್ರದ ಪಟ್ಟಿಯಲ್ಲಿ ಇಲ್ಲದವರಿಗೂ ಒಬಿಸಿ ಸಿಗುತ್ತದೆ. ಸುಮಾರು ಜನಕ್ಕೆ ಸಿಕ್ಕಿದೆ.

ವಕೀಲೆ: ಯಾರೂ ಇದನ್ನು ಮಾಡಬೇಡಿ. ಅಫಿಡವಿಟ್‌ನಿಂದ ಜಾತಿ ಬರುವುದಿಲ್ಲ. ನೋಟರಿ ಸೀಲು ಹೊಡೆದರೆ ನೀವು ಬರೆದದ್ದು ನಿಜ ಆಗುವುದಿಲ್ಲ, ಸುಳ್ಳು ಹೇಳಿದವರು ನೀವೇ ಅನ್ನುವುದಕ್ಕೆ ಸಾಕ್ಷಿ ಆಗುತ್ತದೆ, ಅಷ್ಟೇ. ಸುಳ್ಳು ಸರ್ಟಿಫಿಕೇಟಿನಲ್ಲಿ ಪಡೆದ ಸೀಟು, ಕೆಲಸ ಎಷ್ಟು ವರ್ಷ ಆಗಿದ್ದರೂ ಉಳಿಯುವುದಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಓದು ಮುಗಿಸಿದ ಮಗುವಿನ ಡಿಗ್ರಿ ಹೋಗುತ್ತದೆ. ಇಂಥ ನಮೂನೆ ಹಿಡಿದುಕೊಂಡು, ದುಡ್ಡೂ ಕೊಟ್ಟು, ಆಮೇಲೆ ನನ್ನ ಆಫೀಸಿಗೆ ಬಂದು ಅಳುವವರನ್ನು ನೋಡಿ ಸಾಕಾಗಿದೆ. ಸುಮಾರು ಜನಕ್ಕೆ ಸಿಕ್ಕಿದೆ ಅಂದಿರಲ್ಲ, ಒಬ್ಬರ ಹೆಸರು ಹೇಳಿ ನೋಡೋಣ.

ಭದ್ರಾವತಿ: ನನಗೆ ಬಂದದ್ದನ್ನು ಹಾಕಿದೆ ಅಷ್ಟೇ ಮೇಡಂ. ಬೈಯಬೇಕಂತ ಇಲ್ಲ.

ಶರಾವತಿ ಹಿನ್ನೀರು: ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಶೇ 15 ಎನ್‌ಆರ್‌ಐ ಕೋಟಾ ಇದೆ, ಮ್ಯಾನೇಜ್‌ಮೆಂಟ್ ಕೋಟಾ ಇದೆ. ದುಡ್ಡಿನ ಕೋಟಾ. ಅದರ ವಿರುದ್ಧ ಗೋಪಿ ಸರ್ಕಲ್‌ನಲ್ಲಿ ಒಬ್ಬನೂ ಪೊರಕೆ ಹಿಡಿದದ್ದು ನಾನು ನೋಡಲಿಲ್ಲ. ಮೆರಿಟ್ ಅಲ್ಲಿಗೆ ಹೋಗಲ್ವಾ?

ಅಡಿಕೆ ಮಂಡಿ: ಅವರು ಸ್ವಂತ ದುಡ್ಡು ಕೊಟ್ಟು ಓದುತ್ತಾರೆ. ಸರ್ಕಾರದ್ದಲ್ಲ.

ಶರಾವತಿ ಹಿನ್ನೀರು: ಹೌದು ಹೌದು. ನಿಮ್ಮ ಮನೆಯವರು ಯಾವ ಸೀಟಿನಲ್ಲಿ ಸೇರಿದರು ಅಂತ ಇಡೀ ಪೇಟೆಗೆ ಗೊತ್ತು.

ಅಡಿಕೆ ಮಂಡಿ: ಮನೆ ವಿಷಯ ತೆಗೆಯಬೇಡಿ. ನಿಮ್ಮ ಸರ್ಟಿಫಿಕೇಟು ನಾವು ಕೇಳಿದ್ದೇವಾ?

ಶರಾವತಿ ಹಿನ್ನೀರು: ಕೇಳಿ. ತೋರಿಸ್ತೇನೆ. ಕಾಗೋಡಿನ ರೈತ ಸತ್ಯಾಗ್ರಹದಲ್ಲಿ, 1951ರಲ್ಲಿ, ಗೇಣಿ ಭತ್ತ ಅಳೆಯುವ ಕೊಳಗದ ಅಳತೆ ಸರಿ ಮಾಡಿ ಅಂತ ಕೇಳಿದ್ದಕ್ಕೇ ಜೈಲಿಗೆ ಹೋದವರ ಮನೆಯವರು ನಾವು. ಕೇಳುವುದು ನಮಗೇನೂ ಹೊಸದಲ್ಲ.

ಅಡಿಕೆ ಮಂಡಿ: ಎಲ್ಲದಕ್ಕೂ ಕಾಗೋಡು ತರ್ತಾರೆ. ಆಗ ನಾನು ಹುಟ್ಟಿಯೂ ಇರಲಿಲ್ಲ ಮಾರಾಯ್ರೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಎರಡು ಮೆಸೇಜ್ ಅಳಿಸಿದ್ದೇನೆ.

ದುರ್ಗಿಗುಡಿ ಹುಡುಗ: ಮೇಡಂ, ನೀವು ಒಂದು ಕಡೆಗೇ ಮಾತಾಡುತ್ತಿದ್ದೀರಿ ಅನಿಸುತ್ತೆ. ಸಾಮಾನ್ಯ ವರ್ಗದಲ್ಲೂ ಬಡವರಿದ್ದಾರೆ. ನನ್ನ ರೂಮ್‌ಮೇಟ್ ಒಂದು ಮಾರ್ಕಿನಲ್ಲಿ ಬೇಕಾದ ಕಾಲೇಜು ತಪ್ಪಿಸಿಕೊಂಡ. ಅವನಿಗೆ ಏನು ಉತ್ತರ?

ವಕೀಲೆ: ಅವನಿಗೆ ಬೇಜಾರಾಗಿದ್ದು ಸುಳ್ಳಲ್ಲ. ಅದು ಸಣ್ಣದು ಅಂತ ನಾನು ಹೇಳುವುದಿಲ್ಲ. ಬಡವರಿಗೆ ಅಂತಲೇ 2019ರಲ್ಲಿ 103ನೇ ತಿದ್ದುಪಡಿ ಬಂತು. 2022ರಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಅದನ್ನು ಒಪ್ಪಿದರು. ಮೇಷ್ಟ್ರ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ: ಶೇ 50ರ ಮಿತಿಯನ್ನು ಎಂದೂ ಬಗ್ಗಿಸಬಾರದು ಅಂತಿಲ್ಲ ಎಂದಿತು ಬಹುಮತದ ತೀರ್ಪು. ಒಂದು ಗಮನಿಸಿ. ಆ ಶೇ 10ರಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ ಬಡವರಿಗೆ ಜಾಗ ಇಲ್ಲ. ಅದಕ್ಕೆ ಯಾವ ಹಾಸ್ಟೆಲಿನಲ್ಲೂ ಸಹಿ ಸಂಗ್ರಹ ಆದದ್ದು ನನ್ನ ಕಿವಿಗೆ ಬಿದ್ದಿಲ್ಲ.

ಒಂದು ಕಡೆ ಅಂದಿರಿ. ಮೆರವಣಿಗೆಗೆ ಅರ್ಜಿ ಹೇಗೆ ಹಾಕಬೇಕು ಅಂತ ಮೊದಲು ಹೇಳಿಕೊಟ್ಟಿದ್ದು ನಿಮಗೇ.

ಸೊರಬ: ಮೇಡಂ, ಮೀಸಲಾತಿ ಹತ್ತು ವರ್ಷಕ್ಕೆ ಮಾತ್ರ ಅಂತ ಇತ್ತಂತಲ್ಲ, ನಿಜಾನಾ?

ವಕೀಲೆ: ಮೇಲೆ ಓದಿ.

ಕೊಪ್ಪ: ಇಡಬ್ಲ್ಯೂಎಸ್ ಸರ್ಟಿಫಿಕೇಟ್ ಹೋದ ವರ್ಷದ್ದು ನಡೆಯುತ್ತಾ? ಒಬಿಸಿ?

ವಕೀಲೆ: ಐಐಟಿ, ಎನ್‌ಐಟಿ ಕೌನ್ಸೆಲಿಂಗ್‌ಗೆ ಎರಡೂ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದೇ ಬೇಕು. ನಾಡಕಚೇರಿಗೆ ಮೊದಲೇ ಹೋಗಿ. ಕೊನೆ ವಾರ ಸರ್ವರ್ ಇಲ್ಲ ಅಂತಾರೆ.

ಆನಂದಪುರ: ಮೇಡಂ ಮ್ಯಾನೇಜ್‌ಮೆಂಟ್ ಸೀಟು?

ಹೊಸನಗರ ಅಮ್ಮ: ಮೇಡಂ, ಈಗಷ್ಟೇ ಫೋನ್ ಮಾಡಿದ್ದೆ. ಅವನು ನಿನ್ನೆಯೇ ಸಹಿ ಹಾಕಿಬಿಟ್ಟಿದ್ದಾನಂತೆ. ನನಗೆ ಹೇಳಲು ಹೆದರಿದ್ದ. ಈಗ ಏನು ಮಾಡಲಿ?

ವಕೀಲೆ: ಬೈಯಬೇಡಿ ಅಕ್ಕ. ಸೀಟಿಗೆ ಏನೂ ಆಗುವುದಿಲ್ಲ. ಹೆಸರು ತೆಗೆಸಬೇಕು ಅಂತ ಅವನಿಗೇ ಅನಿಸಿದರೆ ಮನವಿ ಬರೆದವರಿಗೆ ಒಂದು ಸಾಲು ಮೆಸೇಜ್ ಮಾಡಲಿ, ಕಾರಣ ಕೊಡುವುದು ಬೇಡ. ಅನಿಸದಿದ್ದರೆ ಬಿಡಲಿ. ಪಟ್ಟಿಯ ಸ್ಕ್ರೀನ್‌ಶಾಟ್ ಮಾತ್ರ ಇವತ್ತು ರಾತ್ರಿಯೇ ತರಿಸಿಕೊಳ್ಳಿ, ಅವರು ಅಳಿಸುವ ಮೊದಲು. ಗುಂಪಿಗೆ ಹಾಕಬೇಡಿ, ನನಗೆ ನೇರ ಕಳಿಸಿ. ವಾರ್ಡನ್‌ಗೆ ಕಳಿಸುವ ಇಮೇಲ್ ನಾನೇ ಬರೆದುಕೊಡುತ್ತೇನೆ.

ಭದ್ರಾವತಿ: ಅಫಿಡವಿಟ್ ಬೇಡ ಅಂದರೆ ಬೇರೆ ದಾರಿ ಏನಾದರೂ ಇದೆಯಾ ಮೇಡಂ?

ಅಡ್ಮಿನ್: ಮೇಡಂ ಲಾಗ್‌ಔಟ್ ಆಗಿದ್ದಾರೆ. ಕಾಮೆಂಟ್ ಬಂದ್ ಮಾಡುತ್ತಿದ್ದೇನೆ.